ಬೆಂಚಿಗೆ ಅಂಟಿದ ಪಂಚೆ: ಹೊರಗಿನ ಮರಕ್ಕೆ ಎಣ್ಣೆ ಹಚ್ಚಿದ ಒಂದು ಪ್ರಕರಣ

ಮಲೆನಾಡಿನ ಒಂದು ಹೋಂಸ್ಟೇಯಲ್ಲಿ ನಡೆದದ್ದು. ಊರು, ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನನ್ನದು ಮರಕ್ಕೆ ಪಾಲಿಶ್, ಎಣ್ಣೆ, ಬಣ್ಣ ಮಾಡಿಸುವ ಕೆಲಸ. ಜಾಸ್ತಿ ಮನೆಯೊಳಗಿನದೇ: ಬಾಗಿಲು, ಕಪಾಟು, ಮಂಚ. ಹೊರಗಿನ ಮರ ಅಂದರೆ ಬೇರೆಯೇ ಪಾಠ. ಈ ಪ್ರಕರಣದಲ್ಲಿ ಎರಡು ತಪ್ಪು ನನ್ನವೇ. ಅವನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಏನು ಉಪಯೋಗ ಅಲ್ವಾ?

ಮನೆ ಮತ್ತು ಮರ

ಹಳೆಯ ಹೆಂಚಿನ ಮನೆ. ಹಿಂದೆ ಅಡಿಕೆ ತೋಟ, ತೋಟದ ಅಂಚಿಗೆ ಹಳ್ಳ. ಹೋಂಸ್ಟೇ ಶುರು ಮಾಡುವಾಗ ಯಜಮಾನರು ಹಳ್ಳದ ಕಡೆಗೆ ಒಂದು ಮರದ ಅಟ್ಟಣೆ ಹಾಕಿಸಿದ್ದರು. ಬಂದವರೆಲ್ಲ ಅದನ್ನು ಡೆಕ್ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಹಲಗೆ ಸ್ವಂತ ಜಮೀನಿನ ಸಾಗುವಾನಿ. ಎಳೆಯ ಮರ, ಹಾಗಾಗಿ ಚೇಗಿನ (ಮರದ ನಡುವಿನ ಗಟ್ಟಿ ಭಾಗ) ಜೊತೆ ಹೊರಗಿನ ಬಿಳಿ ಭಾಗವೂ ಸಾಕಷ್ಟು ಬಂದಿತ್ತು. ಡೆಕ್ಕಿನ ಮೇಲೆ ಹೆಬ್ಬಲಸಿನ ಎರಡು ಬೆಂಚು. ಜಗಲಿಯ ಮುಂದೆ ಮತ್ತಿ ಮರದ ನಾಲ್ಕು ಕಂಬ, ಹಳೆಯ ಕೊಟ್ಟಿಗೆ ಬಿಚ್ಚಿದಾಗ ಉಳಿಸಿಕೊಂಡದ್ದು. ಕಂಬಗಳಿಗೆ ಸೂರು ಇದೆ, ಆದರೆ ಎರಚಲು ಹೊಡೆಯುತ್ತದೆ. ಬೆಂಚು, ಡೆಕ್ಕು ಎರಡೂ ಬರಿ ಆಕಾಶದ ಕೆಳಗೆ.

ಆ ಕಡೆಯ ಮಳೆ ಗೊತ್ತಿಲ್ಲದವರಿಗೆ ಒಂದು ಅಂದಾಜು ಕೊಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಈ ಮನೆಯ ಹತ್ತಿರ ಅಷ್ಟಿಲ್ಲ. ಆದರೂ ಜೂನಿನಲ್ಲಿ ಒದ್ದೆಯಾದ ಬೆಂಚು ಗಣಪತಿ ಹಬ್ಬ ಕಳೆದ ಮೇಲೇ ಒಣಗುವುದು.

ಡೆಕ್ ಕಟ್ಟಿದವರು ಎಲ್ಲದಕ್ಕೂ ಹೊಳೆಯುವ ವಾರ್ನಿಶ್ ಹೊಡೆದು ಹೋಗಿದ್ದರು. ಮೊದಲ ಮಳೆಗಾಲಕ್ಕೇ ಅದು ಗುಳ್ಳೆ ಎದ್ದು, ಹಾವಿನ ಪೊರೆಯ ಹಾಗೆ ಬಿಡತೊಡಗಿತು. ವಾರ್ನಿಶ್ ಮರದ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಮರವೋ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪದರ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಒಳಗೆ ಹೋದ ನೀರಿಗೆ ಮತ್ತೆ ಹೊರಗೆ ಬರಲು ದಾರಿ ಇರುವುದಿಲ್ಲ. ಕೆಳಗೆ ಮರ ಕಪ್ಪಾಗುತ್ತದೆ.

ಯಾರೋ ನೆಂಟರು ಹೇಳಿದರಂತೆ, "ವಾರ್ನಿಶ್ ಬೇಡ, ಅಗಸೆ ಎಣ್ಣೆ ಹಚ್ಚಿ, ಮರ ಕುಡಿಯುತ್ತೆ." ಮಾತು ಸುಳ್ಳಲ್ಲ. ಯಜಮಾನರು ಗಾಣದಿಂದ ಅಡುಗೆಗೆ ಬಳಸುವ ಹಸಿ ಅಗಸೆ ಎಣ್ಣೆಯನ್ನೇ ತರಿಸಿದರು. ವಾರ್ನಿಶ್ ಕೆರೆಸಿ, ಮೇ ಕೊನೆಯ ವಾರ, ಮೋಡ ಕಟ್ಟಿದ ದಿನಗಳಲ್ಲಿ, ಮೂರು ಸಲ ದಪ್ಪಗೆ ಬಳಿಸಿದರು. ಒರೆಸಲಿಲ್ಲ. "ಕುಡೀಲಿ ಅಂತ ಹಾಗೇ ಬಿಟ್ಟೆ ಮಾರಾಯ" ಅಂತ ಆಮೇಲೆ ನನಗೆ ಹೇಳಿದರು.

ಮರ ಕುಡಿಯುವಷ್ಟು ಕುಡಿಯಿತು. ಉಳಿದದ್ದು ಮೇಲೇ ನಿಂತು ಹಲಸಿನ ಅಂಟಿನ ಹಾಗಾಯಿತು. ಬೆಂಗಳೂರಿನಿಂದ ಬಂದ ಒಬ್ಬ ಹಿರಿಯರು ಬಿಳಿ ಪಂಚೆ ಉಟ್ಟು ಬೆಂಚಿನ ಮೇಲೆ ಕೂತು ಕಾಫಿ ಕುಡಿದರು. ಏಳಲು ಹೋದರೆ ಪಂಚೆ ಬೆಂಚಿನಲ್ಲೇ ಉಳಿಯುವ ಹಾಗಾಯಿತು. ಅವರು ನಕ್ಕರು, ಯಜಮಾನರಿಗೆ ನಗು ಬರಲಿಲ್ಲ. ಅದಾದ ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಅಕ್ಟೋಬರಿನಲ್ಲಿ ನನ್ನನ್ನು ಕರೆಸುವ ಹೊತ್ತಿಗೆ ಬೆಂಚುಗಳು ಒಲೆಯ ಕಟ್ಟಿಗೆಯಷ್ಟು ಕಪ್ಪಗಿದ್ದವು.

ಕಪ್ಪು ಅಂದರೆ ಯಾವ ಕಪ್ಪು?

ಯಜಮಾನರ ಮೊದಲ ಪ್ರಶ್ನೆ, "ಯಾವ ಎಣ್ಣೆ ಒಳ್ಳೇದು, ಹೇಳಿಬಿಡು." ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಲಿನ ಕಪ್ಪು ಏನು ಅಂತಲೇ ಗೊತ್ತಾಗದೆ ಎಣ್ಣೆ ಆರಿಸುವುದು ಹೇಗೆ?

ಬಟ್ಟೆಗೆ ಹಾಕುವ ಬ್ಲೀಚ್ ದ್ರವವನ್ನು ಅಡುಗೆಮನೆಯಿಂದ ಒಂದು ಮುಚ್ಚಳದಲ್ಲಿ ತರಿಸಿದೆ. ಬೆಂಚಿನ ನಡುವೆ ಎರಡು ಹನಿ, ಡೆಕ್ಕಿನ ಮೊಳೆಯ ಪಕ್ಕ ಎರಡು ಹನಿ. ಬೆಂಚಿನ ಮೇಲೆ ಒಂದೆರಡು ನಿಮಿಷದಲ್ಲಿ ಕಪ್ಪು ಕರಗಿ, ಎಂಟಾಣೆ ಅಗಲದ ಬಿಳಿ ಚುಕ್ಕೆ ಬಿತ್ತು. ಅಂದರೆ ಅದು ಬೂಷ್ಟು. ಹಸಿ ಅಗಸೆ ಎಣ್ಣೆ ಬೂಷ್ಟಿಗೆ ಒಳ್ಳೆಯ ಊಟ. ಉತ್ತರ ಕರ್ನಾಟಕದವರು ಅಗಸಿ ಹಿಂಡಿ (ಚಟ್ನಿಪುಡಿ) ತಿನ್ನುತ್ತಾರೆ, ಮಲೆನಾಡಿನ ಬೂಷ್ಟು ಅದರ ಎಣ್ಣೆ ತಿಂದಿತ್ತು. ಮೊಳೆಯ ಪಕ್ಕದ ಕಪ್ಪು ಮಾತ್ರ ಹಾಗೇ ಉಳಿಯಿತು. ಅದು ಕಬ್ಬಿಣದ ಕಲೆ. ಮರದಲ್ಲಿರುವ ಚೊಗರು ಕಬ್ಬಿಣದ ತುಕ್ಕಿನ ಜೊತೆ ಸೇರಿದರೆ ಶಾಯಿಯಂಥ ಕಪ್ಪಾಗುತ್ತದೆ. ಅದಕ್ಕೆ ಬ್ಲೀಚ್ ಕೆಲಸಕ್ಕೆ ಬಾರದು, ಆಕ್ಸಾಲಿಕ್ ಆಮ್ಲ ಬೇಕು.

ಎರಡು ಕಪ್ಪು, ಎರಡು ಮದ್ದು. ಇವೆರಡು ಒಂದಕ್ಕೊಂದು ಸೇರಲೇಬಾರದು. ಬ್ಲೀಚಿಗೆ ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ನನ್ನ ಜೊತೆಯ ಹುಡುಗ ಬ್ಲೀಚ್ ಕಲಸಿದ್ದ ಬಕೆಟ್ಟಿಗೇ ಆಕ್ಸಾಲಿಕ್ ಪುಡಿ ಸುರಿಯಲು ಹೊರಟಿದ್ದ. ನೋಡಿ ಕೂಗಿದೆ. ಅಂದಿನಿಂದ ಬ್ಲೀಚಿಗೆ ನೀಲಿ ಬಕೆಟ್, ಆಮ್ಲಕ್ಕೆ ಕೆಂಪು ಬಕೆಟ್. ತೊಳೆದ ನೀರು ದನಗಳ ಬಾನಿಯ ಕಡೆ ಹರಿಯದ ಹಾಗೆ ಕಾಲುವೆಯನ್ನೂ ತಿರುಗಿಸಿದೆವು.

ಅಂಟು ತೆಗೆಯುವುದೇ ದೊಡ್ಡ ಕೆಲಸವಾಯಿತು. ಉಪ್ಪು ಕಾಗದ ಉಜ್ಜಿದರೆ ಐದು ನಿಮಿಷಕ್ಕೆ ಕಾಗದ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿಸಿದೆ. ಸೋಡಾ ಹಳೇ ಎಣ್ಣೆಯನ್ನು ಸಾಬೂನಿನ ಹಾಗೆ ಮಾಡಿ ಎಬ್ಬಿಸುತ್ತದೆ. ಜಿಗುಟೆಲ್ಲ ಕಂದು ನೊರೆಯಾಗಿ ಬಂತು. ಸೋಡಾದಿಂದ ಮರ ಸ್ವಲ್ಪ ಕಪ್ಪಿಡುತ್ತದೆ. ಚೆನ್ನಾಗಿ ತೊಳೆದ ಮೇಲೆ ಆಕ್ಸಾಲಿಕ್ ನೀರು ಬಳಿದರೆ ಆ ಕಪ್ಪೂ ಹೋಗಿ ಬಣ್ಣ ತಿಳಿಯಾಗುತ್ತದೆ. ಮತ್ತೆ ತೊಳೆಯಬೇಕು. ಬೆಂಚಿನ ಹೆಬ್ಬಲಸು ಜೇನಿನ ಬಣ್ಣಕ್ಕೆ ಬಂದಾಗ ಮನೆಯ ಅಮ್ಮ ಬಾಗಿಲಿಗೆ ಬಂದು, "ಇದು ನಮ್ದೇ ಬೆಂಚಾ?" ಅಂದರು.

ಕಾಯುವ ಜಗಳ

ಅಷ್ಟು ಚಂದ ಕಂಡದ್ದೇ ತೊಂದರೆಯಾಯಿತು. ಡಿಸೆಂಬರ್ ರಜೆಗೆ ರೂಮೆಲ್ಲ ಬುಕ್ ಆಗಿತ್ತು. "ನಾಳೆಯೇ ಎಣ್ಣೆ ಹಚ್ಚು" ಅಂದರು ಯಜಮಾನರು. ತೇವ ನೋಡುವ ಮೀಟರಿನ ಎರಡು ಸೂಜಿ ಚುಚ್ಚಿದೆ. ಬೆಂಚಿನಲ್ಲಿ 24 ಪರ್ಸೆಂಟ್. ಮೇಲಿಂದ ಮುಟ್ಟಿದರೆ ಒಣಗಿದ ಹಾಗೇ ಇತ್ತು. ಒಳಗೆ ಮಳೆಗಾಲ ಇನ್ನೂ ಕೂತಿತ್ತು.

ಮರ 15ರ ಆಸುಪಾಸಿಗೆ ಇಳಿಯದೆ ನಾನು ಎಣ್ಣೆ ಹಚ್ಚುವುದಿಲ್ಲ. ನೀರು ತುಂಬಿದ ಜಾಗಕ್ಕೆ ಎಣ್ಣೆ ಇಳಿಯುವುದಿಲ್ಲ, ಮೇಲೇ ನಿಲ್ಲುತ್ತದೆ. ಆಮೇಲೆ ಅದೇ ಪಂಚೆಯ ಕತೆ. ಯಜಮಾನರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಡಿಸೆಂಬರಿನ ಅತಿಥಿಗಳು ಬರಿಮರದ ಬೆಂಚಿನ ಮೇಲೇ ಕೂತು ಹೋದರು. ಯಾರೂ ದೂರಲಿಲ್ಲ. ಫೆಬ್ರವರಿ ಮೊದಲ ವಾರ ಮೀಟರು 13 ತೋರಿಸಿತು.

ಕಾಯುವ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿದ್ದೆ, ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ. ಯಜಮಾನರಿಗೆ ಎಣ್ಣೆ ಎಂದರೆ ಎಲ್ಲ ಒಂದೇ. ತೆಂಗಿನೆಣ್ಣೆ ಮನೆಯಲ್ಲೇ ಇದೆ, ಹೊಂಗೆ ಎಣ್ಣೆಗೆ ಹುಳ ಬರಲ್ಲ, ಉಣಗೋಲಿನ ಗೂಟಕ್ಕೆ ಟ್ರ್ಯಾಕ್ಟರಿನ ಹಳೇ ಆಯಿಲ್ ಹಾಕಿದರೆ ಸಾಲದೇ ಅನ್ನುವ ವಾದ. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಅನಿಸಿತು. ಒಂದು ಕಿಟಕಿ ಗಾಜು ತೊಳೆದು ಜಗಲಿಯಲ್ಲಿಟ್ಟೆ. ತೆಂಗಿನೆಣ್ಣೆ, ಹೊಂಗೆ ಎಣ್ಣೆ, ಗಾಣದ ಹಸಿ ಅಗಸೆ, ಬಣ್ಣದಂಗಡಿಯ ಡಬಲ್ ಬಾಯ್ಲ್ಡ್ ಅಗಸೆ: ಒಂದೊಂದನ್ನೂ ಬೆರಳಲ್ಲಿ ತೆಳ್ಳಗೆ ಸವರಿದೆ. ಡಬಲ್ ಬಾಯ್ಲ್ಡಿನದು ಮಾತ್ರ ಪಕ್ಕದಲ್ಲೇ ಒಂದು ದಪ್ಪ ಹನಿಯನ್ನೂ ಬಿಟ್ಟೆ.

ಮರುದಿನ ಸಂಜೆಗೆ ಡಬಲ್ ಬಾಯ್ಲ್ಡಿನ ತೆಳು ಪದರ ಬೆರಳಿಗೆ ಅಂಟಲಿಲ್ಲ. ಹಸಿ ಅಗಸೆ ವಾರ ದಾಟಿದರೂ ಜಿಗುಟಾಗಿತ್ತು. ತೆಂಗು, ಹೊಂಗೆ ತಿಂಗಳಾದರೂ ಎಣ್ಣೆಯಾಗಿಯೇ ಇದ್ದವು, ಮೇಲೆ ಧೂಳು ಕೂತಿತ್ತು ಅಷ್ಟೆ. ಆ ದಪ್ಪ ಹನಿ ನೋಡಬೇಕಿತ್ತು. ಮೇಲೆ ಕೆನೆ ಕಟ್ಟಿ, ಸುಕ್ಕು ಬಿದ್ದು, ಒಳಗೆ ಹಸಿಯಾಗಿಯೇ ಇತ್ತು. ಯಜಮಾನರು ಉಗುರಲ್ಲಿ ಒತ್ತಿದರು. ಕೆನೆ ಹರಿದು ಎಣ್ಣೆ ಹೊರಬಂತು. "ನಮ್ ಬೆಂಚು!" ಅಂದರು.

ಕೆಲವು ಎಣ್ಣೆ ಗಾಳಿಯ ಆಮ್ಲಜನಕ ಹಿಡಿದುಕೊಂಡು ತಾನೇ ಗಟ್ಟಿಯಾಗುತ್ತದೆ. ನೀರಿನ ಹಾಗೆ ಆರಿಹೋಗುವುದಿಲ್ಲ, ರಬ್ಬರಿನ ಹಾಗೆ ಕಟ್ಟುತ್ತದೆ. ಕ್ರಿಕೆಟ್ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚಿದವರಿಗೆ ಇದು ಗೊತ್ತು. ಈ ಗುಣ ಅಳೆಯುವ ಒಂದು ಲೆಕ್ಕವಿದೆ, ಅಯೋಡಿನ್ ಮೌಲ್ಯ ಅಂತ. ಅದು ಹೆಚ್ಚಿದ್ದಷ್ಟೂ ಎಣ್ಣೆ ಚೆನ್ನಾಗಿ ಕಟ್ಟುತ್ತದೆ. ತೆಂಗಿನೆಣ್ಣೆಗೆ ಅದು 10ರ ಆಸುಪಾಸು, ಹೊಂಗೆಗೆ 80–90, ಅಗಸೆಗೆ 170ರ ಮೇಲೆ. ಡಬಲ್ ಬಾಯ್ಲ್ಡ್ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನೂ ಸೇರಿಸಿರುತ್ತಾರೆ. ಹಾಗಾಗಿ ಅದನ್ನು ಅಡುಗೆಗೆ ತರಬಾರದು. ಟ್ರ್ಯಾಕ್ಟರಿನ ಹಳೇ ಆಯಿಲ್ ಎಂದೂ ಒಣಗದು. ಮಳೆಗೆ ತೊಳೆದು ಹಳ್ಳ ಸೇರುತ್ತದೆ. ಅತಿಥಿಗಳ ಮಕ್ಕಳು ಅದೇ ಹಳ್ಳದಲ್ಲಿ ಆಡುತ್ತಾರೆ. ಆ ಮಾತು ಅಲ್ಲಿಗೇ ಮುಗಿಯಿತು.

ಒಂದೊಂದಕ್ಕೆ ಒಂದೊಂದು

ಎಲ್ಲಕ್ಕೂ ಒಂದೇ ಎಣ್ಣೆ ಬೇಡ ಅಂತ ತೀರ್ಮಾನವಾದದ್ದು ಗಾಜಿನ ಮುಂದೆಯೇ. ಮಳೆ ಎಷ್ಟು ತಾಗುತ್ತದೆ, ಬಿಸಿಲು ಎಷ್ಟು ಬೀಳುತ್ತದೆ, ಮೈ ತಾಗುತ್ತದೋ ಇಲ್ಲವೋ ಅಂತ ನೋಡಿ ಮರವನ್ನು ವಿಂಗಡಿಸಿದೆವು.

ಸೂರಿನ ಕೆಳಗಿನ ಕಂಬಕ್ಕೆ ಡಬಲ್ ಬಾಯ್ಲ್ಡ್ ಅಗಸೆ ಸಾಕು. ಮೊದಲ ಸಲ ಹಚ್ಚುವಾಗ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸುವುದು, ಆಮೇಲೆ ಬರಿ ಎಣ್ಣೆ.

ಬೆಂಚಿಗೆ ಅದು ಸಾಲದು. ಬಯಲಿನ ಮರಕ್ಕೆ ಬಿಸಿಲೂ ಶತ್ರು. ಬಿಸಿಲಿನ ನೇರಳಾತೀತ ಕಿರಣ ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ಅಂಟನ್ನು ಒಡೆಯುತ್ತದೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿಯುವುದು ಬೂದು ಬಣ್ಣದ ನಾರು. ತಿಳಿ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ಅದರಲ್ಲಿ ಬಣ್ಣದ ಪುಡಿ ಇರಬೇಕು. ಗೋಡೆಗೆ ಬಳಿಯುವ ಕೆಮ್ಮಣ್ಣಿನ ಜಾತಿಯದೇ, ಕಬ್ಬಿಣದ ಆಕ್ಸೈಡು. ಹಾಗಾಗಿ ಬಣ್ಣದ ಪುಡಿ ಮತ್ತು ಬೂಷ್ಟು ತಡೆಯುವ ಮದ್ದು ಎರಡೂ ಇರುವ, ಹೊರಾಂಗಣಕ್ಕೆಂದೇ ಮಾಡಿದ ಸಿದ್ಧ ಎಣ್ಣೆ ತರಿಸಿದೆವು. ಬೆಲೆ ಜಾಸ್ತಿ. ಆದರೆ ಎರಡು ಬೆಂಚಿಗೆ ಬೇಕಾದದ್ದು ಒಂದೇ ಡಬ್ಬ. ಕೂಲಿಯ ಮುಂದೆ ಅದೇನೂ ಅಲ್ಲ.

ಡೆಕ್ಕಿನ ಅಡಿಯ ತೊಲೆಗೆ ನಮ್ಮ ಮರಗೆಲಸದ ಆಚಾರರು ಗೇರೆಣ್ಣೆ ಅಂದರು. ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ. ಅವರು ಕರಾವಳಿಯವರು. "ನಮ್ಮಲ್ಲಿ ದೋಣಿಗೆ ಇದೇ ಬಳಿಯೋದು. ಒರಲೆ ಹತ್ರ ಬರೂದಿಲ್ಲ" ಅಂದರು. ಆದರೆ ಅದು ಮೈಗೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಯಾರೂ ಕೈ ಇಡದ ಅಡಿಭಾಗಕ್ಕೆ ಮಾತ್ರ ಬಳಿದೆವು.

ಡೆಕ್ಕಿನ ಮೇಲ್ಮೈ ವಿಷಯದಲ್ಲಿ ಚರ್ಚೆ ಜೋರಾಯಿತು. ಫೋಟೋದಲ್ಲಿ ಸಾಗುವಾನಿ ಬಣ್ಣ ಕಾಣಬೇಕು ಅಂತ ಯಜಮಾನರ ಆಸೆ. ನಾನು ಬೇಡ ಅಂದೆ. ಸಾಗುವಾನಿ ಚೇಗಿಗೆ ಬಾಳಿಕೆ ತನ್ನದೇ ಇದೆ, ಎಣ್ಣೆ ಹಚ್ಚುವುದು ನೋಟಕ್ಕೆ. ಜನ ಚಪ್ಪಲಿ ಹಾಕಿ ಓಡಾಡುವ, ನೀರು ನಿಲ್ಲುವ ನೆಲಕ್ಕೆ ಹಚ್ಚಿದ ಎಣ್ಣೆ ಒಂದು ಮಳೆಗಾಲ ದಾಟಿದರೆ ಹೆಚ್ಚು. ಪ್ರತಿ ವರ್ಷ ಮಾಡಿಸುತ್ತೀರಾ ಅಂತ ಕೇಳಿದೆ. ಅವರು ತೋಟದ ಕೂಲಿಯ ಲೆಕ್ಕ ನೆನೆಸಿಕೊಂಡು ಸುಮ್ಮನಾದರು. ಬಿಳಿ ಭಾಗ ಜಾಸ್ತಿ ಇದ್ದ ಏಳು ಹಲಗೆಯನ್ನು ಬದಲಿಸಿದೆವು. ಆ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ, ಬೇಗ ಕೊಳೆಯುತ್ತದೆ, ಯಾವ ಎಣ್ಣೆಯೂ ಅದನ್ನು ಚೇಗು ಮಾಡಲಾರದು. ಕಬ್ಬಿಣದ ಮೊಳೆ ಕಿತ್ತು ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿಸಿದೆವು. ಉಳಿದದ್ದನ್ನು ಬೂದು ಬಣ್ಣಕ್ಕೆ ತಿರುಗಲು ಹಾಗೇ ಬಿಟ್ಟೆವು.

ಹಚ್ಚಿದ ದಿನ, ಆ ರಾತ್ರಿ

ಬೆಳಗಿನ ಇಬ್ಬನಿ ಆರಲಿ ಅಂತ ಹತ್ತೂವರೆ ಗಂಟೆಯ ಮೇಲೆ ಶುರು ಮಾಡಿದೆವು. ಬೆಂಚಿಗೆ 100 ನಂಬರಿನ ಉಪ್ಪು ಕಾಗದ ಹೊಡೆದಿತ್ತು. ಒಳಗಿನ ಮೇಜಿನ ಹಾಗೆ ನುಣ್ಣಗೆ ಮಾಡಿದರೆ ಎಣ್ಣೆ ಇಳಿಯುವುದು ಕಮ್ಮಿ. ತೆಳ್ಳಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದ ಎಣ್ಣೆಯನ್ನೆಲ್ಲ ಬನಿಯನ್ ವೇಸ್ಟಿನಲ್ಲಿ ಒರೆಸುವುದು. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ಒರೆಸುವುದು ನೋಡಿ ಯಜಮಾನರ ಹೊಟ್ಟೆ ಉರಿಯಿತು. ಅಡ್ಡ ಕೊಯ್ದ ತುದಿಗಳಿಗೆ ಮಾತ್ರ ಸಾಲದು ಸಾಲದು ಅಂತ ಹಚ್ಚಿಸಿದೆ. ಮರ ಬದುಕಿದ್ದಾಗ ನೀರು ಏರುತ್ತಿದ್ದ ಕೊಳವೆಗಳ ಬಾಯಿ ಅಲ್ಲಿದೆ. ಹಲಗೆಯ ಮೈಗಿಂತ ಅಲ್ಲಿ ಎಷ್ಟೋ ಪಟ್ಟು ಹೆಚ್ಚು ಹೀರುತ್ತದೆ. ಒಂದು ತುದಿ ನಾಲ್ಕು ಸಲ ಹಚ್ಚಿದರೂ ನಾಲ್ಕು ಸಲವೂ ಒಣಗಿ ನಿಂತಿತು.

ಆ ರಾತ್ರಿ ಎಂಟು ಗಂಟೆಗೆ ಫೋನು. ಅಮ್ಮ ಮಾತಾಡಿದರು. "ಕೊಟ್ಟಿಗೆ ಹತ್ರ ಏನೋ ಸುಟ್ಟ ವಾಸನೆ ಬರ್ತಿದೆ, ನೀವು ಏನಾದ್ರೂ ಬಿಟ್ಟು ಹೋಗಿದ್ರಾ?"

ಎದೆ ಧಸಕ್ಕಂತು. ಒರೆಸಿದ ಬಟ್ಟೆಯನ್ನು ಹುಡುಗ ಗೋಣಿಚೀಲಕ್ಕೆ ತುಂಬಿ, ಒಣ ಹುಲ್ಲಿನ ಪಕ್ಕ ಇಟ್ಟು ಬಂದಿದ್ದ. ಚೀಲವನ್ನು ಕೋಲಿನಲ್ಲಿ ಎಳೆದು ಅಂಗಳಕ್ಕೆ ತಂದು ನೀರು ಹೊಯ್ಯಿರಿ ಅಂದೆ. ಬಿಚ್ಚಿದಾಗ ನಡುವಿನ ಬಟ್ಟೆ ಕಂದಾಗಿ ಹೊಗೆಯಾಡುತ್ತಿತ್ತಂತೆ. ಎಣ್ಣೆ ಗಾಳಿ ಹಿಡಿದು ಗಟ್ಟಿಯಾಗುವಾಗ ಬಿಸಿ ಹೊರಡುತ್ತದೆ. ಹಲಗೆಯ ಮೇಲಾದರೆ ಅದು ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದ ಬಟ್ಟೆಯಲ್ಲಿ, ಗೊಬ್ಬರದ ಗುಂಡಿಯ ಒಳಗಿನ ಹಾಗೆ, ಬಿಸಿ ಕೂಡುತ್ತಾ ಹೋಗಿ ಬೆಂಕಿಯೇ ಹುಟ್ಟಬಹುದು. ಕಡ್ಡಿ ಗೀರುವುದೇ ಬೇಡ.

ಹುಡುಗನಿಗೆ ಹೇಳಿದ್ದೆ, "ಬಟ್ಟೆ ಎಲ್ಲಾ ಸರಿ ಮಾಡಿಡು" ಅಂತ. ಅವನು ಅಚ್ಚುಕಟ್ಟಾಗಿ ಸರಿ ಮಾಡಿಯೇ ಇಟ್ಟಿದ್ದ. ತಪ್ಪು ನನ್ನದು. ಈಗ ನನ್ನ ಕೆಲಸದ ಜಾಗದಲ್ಲಿ ಮೊದಲು ಬರುವುದು ಮುಚ್ಚಳವಿರುವ, ನೀರು ತುಂಬಿದ ತಗಡಿನ ಡಬ್ಬ. ಎಣ್ಣೆ ಬಟ್ಟೆ ನೇರ ಅದರೊಳಕ್ಕೆ. ಇಲ್ಲವಾದರೆ ಒಂದೊಂದನ್ನೂ ಬಿಡಿಸಿ, ಬಯಲಲ್ಲಿ ಹಗ್ಗದ ಮೇಲೆ ಹರವಿ ಒಣಗಿಸುವುದು.

ಎರಡು ಮಳೆಗಾಲ

ಮೊದಲ ಮಳೆಗಾಲದ ನಂತರ ಹೋಗಿ ನೋಡಿದೆ. ಕಂಬಗಳು ಚೆನ್ನಾಗಿದ್ದವು. ಬುಡದ ಒಂದು ಅಡಿಯಲ್ಲಿ, ಅಂಗಳದ ನೀರು ಸಿಡಿಯುವಲ್ಲಿ ಮಾತ್ರ ಬೂಷ್ಟಿನ ಚುಕ್ಕೆ. ಅಷ್ಟಕ್ಕೆ ತೊಳೆದು, ಸಿದ್ಧ ಎಣ್ಣೆ ಹಚ್ಚಿದೆವು. ಬೆಂಚಿನ ಬಣ್ಣ ಸ್ವಲ್ಪ ಮಾಸಿತ್ತು, ಅಂಟಿಲ್ಲ, ಕಪ್ಪಿಲ್ಲ. ಕಾಲಿನ ಅಡಿ ಕಪ್ಪಾಗಿತ್ತು. ಬೆಂಚು ಮಗುಚಿ ಕಾಲಿನ ತುದಿಗೆ ಎಣ್ಣೆ ಕುಡಿಸಲು ಯಾರಿಗೂ ಹೊಳೆದಿರಲಿಲ್ಲ.

ಡೆಕ್ಕು ಒಳ್ಳೆಯ ಬೆಳ್ಳಿ ಬೂದು ಬಣ್ಣಕ್ಕೆ ತಿರುಗಿತ್ತು. ಆದರೆ ಪಾಚಿ ಕಟ್ಟಿ ಜಾರುತ್ತಿತ್ತು. ಜುಲೈಯಲ್ಲಿ ಒಬ್ಬ ಅತಿಥಿ ಜಾರಿ ಕೂತಿದ್ದರಂತೆ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಬಾಳಿಕೆ ಯೋಚಿಸಿದ್ದೆ, ನೋಟ ಯೋಚಿಸಿದ್ದೆ. ಮಲೆನಾಡಿನಲ್ಲಿ ಎಣ್ಣೆಯಿಲ್ಲದ ಮರದ ನೆಲ ಹದಿನೈದು ದಿನಕ್ಕೊಮ್ಮೆ ತಿಕ್ಕದಿದ್ದರೆ ಜಾರುಬಂಡೆ ಅನ್ನುವುದನ್ನು ಹೇಳಲು ಮರೆತಿದ್ದೆ. ಎಣ್ಣೆ ಹಚ್ಚಿದ್ದರೂ ಪಾಚಿ ಬರುತ್ತಿತ್ತು ಅನ್ನುವುದು ಬೇರೆ ಮಾತು. ಈಗ ಜೂನಿನಿಂದ ಸೆಪ್ಟೆಂಬರಿನವರೆಗೆ ಡೆಕ್ಕಿಗೆ ಹಗ್ಗ ಕಟ್ಟಿ ಮುಚ್ಚುತ್ತಾರೆ. ಆ ಮಳೆಯಲ್ಲಿ ಅಲ್ಲಿ ಕೂರುವವರಾದರೂ ಯಾರು?

ಎರಡನೇ ವರ್ಷದ ದೊಡ್ಡ ಬದಲಾವಣೆ ನನ್ನದಲ್ಲ, ಯಜಮಾನರ ತಾಯಿಯವರದು. ಎಂಬತ್ತು ದಾಟಿದವರು. ನಮ್ಮ ಎಣ್ಣೆಯ ಗಲಾಟೆಯನ್ನೆಲ್ಲ ಜಗಲಿಯಲ್ಲಿ ಕೂತು ನೋಡಿದ್ದರು. "ನಮ್ ಕಾಲ್ದಲ್ಲಿ ಮಳೆಗಾಲಕ್ಕೆ ಕಂಬದ ಮುಂದೆ ಅಡಿಕೆ ಸೋಗೆ ತಟ್ಟಿ ಕಟ್ಟಿಸ್ತಿದ್ರು. ಬೆಂಚು ಒಳಗೆ ಹೋಗ್ತಿತ್ತು. ಮಳೆಗೆ ಇಟ್ಕೊಂಡು ಎಣ್ಣೆ ಯಾಕೆ ಕುಡಿಸ್ಬೇಕು?" ಅಂದರು. ನನಗೆ ಬಾಯಿ ಬರಲಿಲ್ಲ. ಆ ವರ್ಷ ಸೋಗೆ ತಟ್ಟಿ ಬಂತು. ಜೂನ್ ಮೊದಲ ವಾರ ಬೆಂಚುಗಳು ಅಡಿಕೆ ಮನೆಯ ಮಾಡಿನ ಕೆಳಗೆ ಹೋದವು, ಕಾಲಿನ ಕೆಳಗೆ ತುಂಡು ಕಲ್ಲು ಇಟ್ಟು, ಗಾಳಿ ಆಡುವ ಹಾಗೆ. ಕಂಬದ ಬುಡದ ಬೂಷ್ಟೂ ಆ ವರ್ಷ ಕಾಣಲಿಲ್ಲ.

ಈ ಫೆಬ್ರವರಿಯಲ್ಲಿ ಯಜಮಾನರೇ ಫೋನ್ ಮಾಡಿದರು. ನಾನು ಹೇಳಿಕೊಟ್ಟ ಹಾಗೆ ಚಮಚದಲ್ಲಿ ಬೆಂಚಿನ ಮೇಲೆ ನೀರು ಬಿಟ್ಟು ನೋಡುತ್ತಿದ್ದರು. ಹನಿ ಗುಂಡಗೆ ನಿಂತರೆ ಎಣ್ಣೆ ಇನ್ನೂ ಇದೆ, ಹರಡಿ ಇಂಗಿದರೆ ಹಚ್ಚುವ ಹೊತ್ತು.

"ನಡುವೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ನಿಂತಿದೆ ಮಾರಾಯ. ತುದೀಲಿ ಮಾತ್ರ ಹಾಕ್ತಿದ್ದ ಹಾಗೇ ಇಂಗ್ತು."

"ಹಾಗಾದ್ರೆ ತುದಿಗಷ್ಟೇ ಹಚ್ಚಿ ಯಜಮಾನ್ರೇ, ಕಾಲಿನ ಅಡಿಗೂ."

"ಅದಕ್ಕೆ ನೀನು ಬರ್ಬೇಕಾ?"

"ಬೇಡ. ಡಬ್ಬದಲ್ಲಿ ಎಣ್ಣೆ ಉಳಿದಿದೆಯಲ್ಲ?"

"ಇದೆ. ಒರೆಸಿದ ಬಟ್ಟೆಗೆ ನೀರಿನ ಡಬ್ಬ ಆಗ್ಲೇ ಇಟ್ಟಾಯ್ತು" ಅಂದರು.